ಚಿಲಕ ಯಾವ ಕಡೆಗಿದೆ

ಅವಳ ಎಡ ದವಡೆಯ ಕೊನೆಯ ಹಲ್ಲು ಅರ್ಧ ಸವೆದಿತ್ತು. ಬಾಯಿ ತೆರೆದಾಗ ಅದೊಂದು ಹಲ್ಲು ಮಾತ್ರ ಉಳಿದವುಗಳಿಗಿಂತ ತಗ್ಗಾಗಿ, ಹೊಳೆಯ ಕಲ್ಲಿನಂತೆ ನುಣ್ಣಗೆ ಕಾಣುತ್ತಿತ್ತು. ಕಣದಲ್ಲಿ ಒಣಗುವ ಕಾಫಿ ಬೀಜವನ್ನು ಅವಳು ಆ ಹಲ್ಲಿಗೇ ಕೊಡುತ್ತಿದ್ದಳು. ಕೈಗಳು ಅವಳ ಮಾತು ಕೇಳುತ್ತಿರಲಿಲ್ಲ. ಒಂದು ಕೈ ಮುಂದೆ ಹೋಗು ಅಂದರೆ ಪಕ್ಕಕ್ಕೆ ಹೋಗುತ್ತಿತ್ತು, ಇನ್ನೊಂದು ಎದೆಗೆ ಅಂಟಿಕೊಂಡೇ ಇರುತ್ತಿತ್ತು. ಹಾಗಾಗಿ ಅವಳು ಸೊಂಟದಿಂದ ಬಗ್ಗಿ, ನೇರ ನೆಲಕ್ಕೇ ಬಾಯಿ ಹಾಕಿ, ತುಟಿಯಲ್ಲಿ ಒಂದು ಬೀಜ ಎತ್ತಿಕೊಂಡು, ನಾಲಿಗೆಯಲ್ಲಿ ಹಲ್ಲಿಗೆ ಸರಿಸಿ ಕಚ್ಚುತ್ತಿದ್ದಳು. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಟಕ್ ಎಂದು ಒಡೆದರೆ ಒಣಗಿದೆ, ಚೀಲಕ್ಕೆ ತುಂಬಬಹುದು. ‘ಇನ್ನೊಂದ್ ಬಿಸ್ಲು ಬೇಕು’ ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ನಾವು ಅರ್ಧ ಚೀಲ ತುಂಬಿಬಿಟ್ಟಿರುತ್ತಿದ್ದೆವು. ಆಮೇಲೆ ಮತ್ತೆ ಕಣಕ್ಕೆ ಸುರಿಯುತ್ತಿದ್ದೆವು.

ಅವಳು ನನ್ನ ಅತ್ತೆ, ಅಪ್ಪನ ಒಬ್ಬಳೇ ತಂಗಿ. ಹುಟ್ಟುವಾಗ ಆದ ತೊಂದರೆಯಿಂದ ಕೈಕಾಲು ಬಿಗಿದುಕೊಂಡಿದ್ದವು, ಮಾತು ತಡವಾಗಿ, ಎಳೆದೆಳೆದು ಬರುತ್ತಿತ್ತು. ‘ಬುದ್ಧಿಗೆ ಮಾತ್ರ ಏನೂ ಆಗಿರಲಿಲ್ಲ’ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಯಾಕೆ ಬರೆಯಬೇಕು? ಬುದ್ಧಿಗೂ ಏನಾದರೂ ಆಗಿದ್ದರೆ ನಾವು ಮಾಡಿದ್ದು ಸರಿಯಾಗಿಬಿಡುತ್ತಿತ್ತೇ?

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳನ್ನು ಕೇಳದೆ ಅವಳ ಹೆಸರನ್ನು ಬೇಕಾದಷ್ಟು ಕಾಗದಗಳ ಮೇಲೆ ಬರೆದಾಗಿದೆ. ಅದರಲ್ಲಿ ಒಂದು ಕಾಗದದ ಕೈಬರಹ ನನ್ನದು.

ನಮ್ಮದು ಮಗ್ಗೆಯಿಂದ ಒಳಗೆ, ಗುಡ್ಡದ ಓರೆಯಲ್ಲಿ ಆರು ಎಕರೆ ಕಾಫಿ. ಕುಯ್ಲಿನ ಕಾಲದಲ್ಲಿ ಅತ್ತೆ ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿಗೆ ಕಣಕ್ಕೆ ಬಂದರೆ ಸಂಜೆ ಟಾರ್ಪಾಲ್ ಮುಚ್ಚುವ ತನಕ ಅಲ್ಲೇ. ಕೋಳಿ ಓಡಿಸುತ್ತಿದ್ದಳು, ಬೀಜ ಹರಡಿದ್ದು ಮಂದವಾದರೆ ಕೂಗುತ್ತಿದ್ದಳು, ಕಲ್ಲು ಬಿದ್ದ ಕಡೆ ಗದ್ದ ತೋರಿಸುತ್ತಿದ್ದಳು, ಗಂಟೆಗೊಮ್ಮೆ ಕಚ್ಚಿ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಇದಕ್ಕೆ ‘ಅವ್ಳಿಗೂ ಹೊತ್ತು ಹೋಗ್ಬೇಕಲ್ಲ’ ಎನ್ನುತ್ತಿದ್ದರು. ಅದೇ ಕೆಲಸವನ್ನು ಪಕ್ಕದ ಎಸ್ಟೇಟಿನಲ್ಲಿ ಮಾಡುವವನಿಗೆ ಕಣದ ಮೇಸ್ತ್ರಿ ಎನ್ನುತ್ತಾರೆ.

ಅವಳನ್ನು ಪವಾಡ ಮಾಡುವವರೂ ಇದ್ದರು. ‘ದೇವ್ರು ಒಂದ್ ಕಿತ್ಕೊಂಡ್ರೆ ಇನ್ನೊಂದ್ ಕೊಡ್ತಾನೆ’ ಎನ್ನುವವರು. ಅವರಿಗಾಗಿ ಹೇಳುತ್ತೇನೆ: ಅವಳ ಹಲ್ಲು ತಪ್ಪುತ್ತಲೂ ಇತ್ತು. ಮೋಡದ ದಿನಗಳಲ್ಲಿ ಹೆಚ್ಚು ತಪ್ಪುತ್ತಿತ್ತು. ವ್ಯಾಪಾರಿಯ ತೇವದ ಮೀಟರು ಅವಳಿಗಿಂತ ಸರಿಯಾಗಿ ಹೇಳುತ್ತಿತ್ತು. ತಪ್ಪಿದಾಗ ಅವಳು ‘ನನ್ ಹಲ್ಲೇನು ಬ್ಯಾಟ್ರಿ ಹಾಕಿದ್ದಾ?’ ಎಂದು ನಗುತ್ತಿದ್ದಳು. ನಗುವಾಗ ಇಡೀ ಮೈ ಒಂದು ಕಡೆಗೆ ವಾಲಿ, ಯಾರಾದರೂ ಹಿಡಿದುಕೊಳ್ಳಬೇಕಾಗುತ್ತಿತ್ತು.

ಆನೆ ಬಂದ ದಿನದ ಬಗ್ಗೆ ನಮ್ಮ ಮನೆಯಲ್ಲಿ ಮೂರು ಕಥೆಗಳಿವೆ. ಅಪ್ಪನ ಕಥೆಯಲ್ಲಿ ಅತ್ತೆಯ ಹಲಗೆಗಾಡಿಯ ಚಕ್ರ ಕಿತ್ತುಹೋಗಿತ್ತು. ಅಮ್ಮನ ಕಥೆಯಲ್ಲಿ ಅತ್ತೆಯೇ ‘ನಾನ್ ಒಳಗೆ ಬರಲ್ಲ’ ಎಂದು ಹಟ ಹಿಡಿದಿದ್ದಳು. ನನ್ನ ಕಥೆಯಲ್ಲಿ, ತುಂಬ ವರ್ಷ, ನಾನು ಅಲ್ಲಿ ಇರಲೇ ಇಲ್ಲ. ಗೊಬ್ಬರ ತರಲು ಆಲೂರಿಗೆ ಹೋಗಿದ್ದೆ. ಮೂರೂ ಸುಳ್ಳು. ಹಲಗೆಗಾಡಿಯ ಹಗ್ಗ ನನ್ನ ಕೈಯಲ್ಲೇ ಇತ್ತು.

ಹಲಸಿನ ಹಲಗೆಗೆ ಲಾರಿಯ ನಾಲ್ಕು ಹಳೇ ಬೇರಿಂಗು ಹೊಡೆದು, ಮುಂದೆ ಹಗ್ಗ ಕಟ್ಟಿದ್ದೇ ಅವಳ ಗಾಡಿ. ಸರ್ಕಾರ ಕೊಟ್ಟ ಗಾಲಿಕುರ್ಚಿ ನಮ್ಮ ಅಂಗಳದ ಇಳಿಜಾರಿನಲ್ಲಿ ಮಗುಚುತ್ತಿತ್ತು. ಅದು ಅಟ್ಟದ ಮೇಲಿತ್ತು. ಅವಳ ಕಾಲು ಅಂದರೆ ಆ ಹಲಗೆ.

ಜನವರಿಯ ಮಧ್ಯಾಹ್ನ. ಬರಬಾರದ ಕಾಲದಲ್ಲಿ ಮೋಡ ಕಟ್ಟಿತು. ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ತೆಗೆದು ತೊಳೆದ ಬೀಜ, ಇನ್ನೊಂದು ದಿನ ಬಿಸಿಲು ಕಂಡರೆ ಮುಗಿಯುತ್ತಿತ್ತು. ಮಳೆ ಬಿದ್ದರೆ ವರ್ಷದ ಬೆಳೆ ಬೂಸಲು. ನಮ್ಮ ಕಡೆ ಮೋಡ ಕಂಡರೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮೊದಲು ಕಾಫಿ ಒಳಗೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯೇ ಯಾರೋ ‘ಒಂಟಿ ಸಲಗ ಕುಂದೂರು ಕಡೆ ದಾಟ್ತು’ ಎಂದು ಹಾಕಿದ್ದರಿಂದ ಆನೆಯ ಯೋಚನೆ ಯಾರಿಗೂ ಇರಲಿಲ್ಲ. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಕೆಲಸಕ್ಕೆ ಬಂದಿದ್ದ ಇಬ್ಬರು ಹೆಂಗಸರು, ಎಲ್ಲರೂ ಬೀಜ ಎಳೆದು ರಾಶಿ ಮಾಡಿ ತುಂಬತೊಡಗಿದೆವು. ಚೀಲ ಹೊರುವುದು ತಡವಾಗುತ್ತದೆ ಎಂದು ಅಪ್ಪ ‘ಹಲಗೆ ತಗೊಳ್ಲಾ!’ ಎಂದರು. ನಾನು ಅತ್ತೆಯನ್ನು ಕಂಕುಳಿಗೆ ಕೈಕೊಟ್ಟು ಎತ್ತಿ, ಕಣದ ಅಂಚಿನಲ್ಲಿ ಗೋಣಿ ಹಾಸಿ ಕೂರಿಸಿ, ಅವಳ ಹಲಗೆಯ ಮೇಲೆ ಮೂರು ಚೀಲ ಪೇರಿಸಿದೆ.

ಅವಳು ಏನೋ ಹೇಳಿದಳು. ‘ಆಮೇಲೆ ಹೇಳು ಅತ್ತೆ’ ಎಂದೆ.

ಮೂರನೇ ಸಲ ನಾನು ಹಲಗೆ ಎಳೆದುಕೊಂಡು ಕಾಫಿ ಸ್ಟೋರಿನ ಕಡೆ ಬರುವಾಗ ಕೆಲಸದ ಹೆಂಗಸೊಬ್ಬಳು ‘ಆನೆ!’ ಎಂದಳು. ಎಲ್ಲರೂ ಸ್ಟೋರಿನೊಳಗೆ ಓಡಿಬಂದೆವು. ಯಾರೋ ಬಾಗಿಲು ಹಾಕಿದರು. ಯಾರೋ ಅಲ್ಲ, ನಾನೇ; ಕೊನೆಗೆ ಒಳಗೆ ಬಂದವನು ನಾನು. ಒಳಗೆ ನಾವು ಆರು ಜನ, ಇಪ್ಪತ್ತು ಚಿಲ್ಲರೆ ಚೀಲ, ಒಂದು ಹಲಗೆಗಾಡಿ. ಹೊರಗೆ ಅತ್ತೆ.

ಕಿಟಕಿಯ ಸರಳಿನಿಂದ ನೋಡಿದೆವು. ಆನೆ ಬೇಲಿ ತುಳಿದುಕೊಂಡು ಬಂತು. ಉಳಿದ ರಾಶಿಗೆ ಮುಚ್ಚಿದ್ದ ಟಾರ್ಪಾಲನ್ನು ಎಳೆದು ನೋಡಿತು, ಬಿಟ್ಟಿತು. ಅತ್ತೆಯಿಂದ ಎಂಟು ಹತ್ತು ಮಾರು ದೂರದಲ್ಲಿ ನಿಂತಿತು. ಎಷ್ಟು ಹೊತ್ತು? ಅಪ್ಪ ಎರಡು ನಿಮಿಷ ಎನ್ನುತ್ತಾರೆ, ಅಮ್ಮ ಕಾಲು ಗಂಟೆ ಎನ್ನುತ್ತಾಳೆ. ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಬರೆದರೆ ನಂಬಬೇಡಿ. ಕಣದ ಮೂಲೆಯ ಬಾಳೆಯನ್ನು ಮುರಿದು ತಿಂದು ಅದು ಇಳಿದುಹೋಯಿತು.

ಬಾಗಿಲು ತೆಗೆದು ಓಡಿಹೋದಾಗ ಅತ್ತೆ ಉಚ್ಚೆ ಹೊಯ್ದುಕೊಂಡಿದ್ದಳು. ಅತ್ತಿರಲಿಲ್ಲ. ಅಮ್ಮ ಗೋಳೋ ಎಂದು ತಬ್ಬಿಕೊಳ್ಳಲು ಹೋದರೆ ತಲೆ ಆಚೆ ತಿರುಗಿಸಿದಳು. ಆಮೇಲೆ, ನಿಧಾನವಾಗಿ, ಒಂದೊಂದೇ ಮಾತು ಕಿತ್ತು ಕಿತ್ತು ಹೇಳಿದಳು:

‘ಅದು ನನ್ನ ನೋಡ್ತು. ನೀವೂ ಕಿಟ್ಕೀಲಿ ನೋಡ್ತಿದ್ರಿ. ಅದಕ್ಕೆ ನಾಚ್ಕೆ ಆಯ್ತು, ಹೊಂಟೋಯ್ತು.’

ಮಾರನೆಯ ದಿನದಿಂದ ಊರಿನವರು ತೆಂಗಿನಕಾಯಿ ಹಿಡಿದು ಬಂದರು. ಗಣಪ್ಪನೇ ಬಂದು ದರ್ಶನ ಕೊಟ್ಟಿದ್ದಾನೆ, ಮುಟ್ಟದೆ ಹೋಗಿದ್ದಾನೆ. ಅತ್ತೆಯ ಕಾಲಿಗೆ ಅರಿಶಿನ ಹಚ್ಚಿದರು. ಅವಳು ‘ಹಲಗೆ ಯಾರ್ ತಗಂಡ್ರು ಕೇಳಿ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದ ನಾವು ‘ಒಳ್ಳೇದಾಗ್ಲಿ ಅಂತವ್ಳೆ’ ಎಂದು ಕಳಿಸುತ್ತಿದ್ದೆವು.

ಒಂದು ವಾರ ಅರಿಶಿನ. ಆಮೇಲೆ ನೆಂಟರ ಬುದ್ಧಿವಾದ. ‘ಇನ್ನೊಂದ್ ಸಲ ಆನೆ ಬಂದ್ರೆ ಏನ್ ಮಾಡ್ತೀರ? ಎಲ್ಲಾದ್ರೂ ಸೇಫಾಗಿರೋ ಜಾಗದಲ್ಲಿ ಬಿಡ್ರಪ್ಪ.’ ಆ ‘ಸೇಫ್’ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಓಡಿದ್ದು ನಾವು. ಬಾಗಿಲು ಹಾಕಿದ್ದು ನಾನು. ಊರು ಬಿಡಬೇಕಾದವಳು ಅವಳು. ಬೇರೆ ಯಾರ ವಿಷಯದಲ್ಲಾದರೂ ಇಂಥ ನ್ಯಾಯ ಹೇಳಿದರೆ ಕಲ್ಲಲ್ಲಿ ಹೊಡೆಯುತ್ತಾರೆ. ಅವಳ ವಿಷಯದಲ್ಲಿ ಇದಕ್ಕೆ ಕಾಳಜಿ ಎಂದು ಹೆಸರು.

ಒಂದು ತಿಂಗಳಿಗೆ ಆಲೂರಿನಿಂದ ಓಮ್ನಿ ಮಾಡಿಕೊಂಡು ಸಕಲೇಶಪುರ ದಾಟಿ, ಹೆದ್ದಾರಿಯಿಂದ ಒಳಗೆ ಇರುವ ಒಂದು ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಯಾವುದೋ ಟ್ರಸ್ಟಿನದು. ಓಮ್ನಿಯ ಸಾಬರು ಕನ್ನಡಿಯಲ್ಲಿ ಹಿಂದೆ ನೋಡಿ ‘ಅಕ್ಕ ಅಳ್ತಾನೂ ಇಲ್ವಲ್ಲ ಮಾರಾಯ’ ಎಂದರು.

ಮೇನೇಜರು ಮೆತ್ತಗೆ ಮಾತಾಡುವ ಮನುಷ್ಯ. ಫಾರಂ ತುಂಬಿಸುತ್ತ ಒಂದು ಕಡೆ ನಿಂತು, ‘ಇವರ ಒಪ್ಪಿಗೆ ಇದೆಯಾ? ಇಲ್ಲೊಂದು ಕಾಲಮ್ ಇದೆ, ಅದಕ್ಕೆ ಕೇಳ್ದೆ’ ಎಂದರು.

ಅತ್ತೆ ಬಾಯಿ ತೆರೆದಳು. ಕತ್ತಿನ ನರ ಬಿಗಿದು, ತಲೆ ಹಿಂದಕ್ಕೆ ಹೋಗಿ, ಮಾತು ಬರಲು ಬಹಳ ಹೊತ್ತಾಯಿತು. ‘ಕಾಫಿ ಒಳ್ಗ್ ಇಟ್ರಿ. ನನ್ನ ಹೊರ್ಗ್ ಬುಟ್ರಿ. ಓಡ್ದೋರು ನೀವು, ಕೂಡಾಕೋದು ನನ್ನ ಯಾಕ್ಲಾ?’

ಮೇನೇಜರು ನನ್ನ ಕಡೆ ತಿರುಗಿದರು. ‘ಏನಂತಾರೆ?’

‘ಒಪ್ಪಿದಾಳೆ ಸಾರ್’ ಎಂದೆ. ಕಾಲಮ್ಮಿನಲ್ಲಿ ‘ಹೌದು’ ಎಂದು ಬರೆದೆ. ಕೆಳಗೆ ಸೈನ್ ಹಾಕಿದೆ.

ಇದಕ್ಕೆ ನಾನು ಕೊಡಬಹುದಾದ ಕಾರಣಗಳೆಲ್ಲ ನನಗೆ ಬಾಯಿಪಾಠವಾಗಿವೆ. ಒಂದನ್ನೂ ಬರೆಯುವುದಿಲ್ಲ.

ಕೇಂದ್ರದವರು ರಾಕ್ಷಸರಾಗಿದ್ದರೆ ಕಥೆ ಸುಲಭವಾಗುತ್ತಿತ್ತು. ಊಟ ಬಿಸಿಯಾಗಿರುತ್ತಿತ್ತು. ನೆಲ ಫಿನಾಯಿಲಿನಿಂದ ಹೊಳೆಯುತ್ತಿತ್ತು. ಹೇನು ಆಗುತ್ತದೆ ಎಂದು ಎಲ್ಲ ಹೆಂಗಸರ ತಲೆಕೂದಲು ಕತ್ತರಿಸಿದ್ದರು, ಎಲ್ಲರಿಗೂ ಒಂದೇ ಬಣ್ಣದ ನೈಟಿ. ಎಷ್ಟು ಗಂಟೆಗೆ ಎದ್ದೇಳುವುದು, ಯಾವಾಗ ಮಲವಿಸರ್ಜನೆ, ಯಾವಾಗ ಮಲಗುವುದು, ಎಲ್ಲ ಬೋರ್ಡಿನಲ್ಲಿತ್ತು. ನಮ್ಮವರನ್ನು ನೋಡಲು ತಿಂಗಳಿಗೊಂದು ಭಾನುವಾರ. ‘ಎಷ್ಟ್ ಕ್ಲೀನಾಗಿ ಇಟ್ಕೊಂಡವ್ರೆ’ ಎಂದು ಅಮ್ಮ ಪ್ರತಿ ಸಲ ಹೇಳುತ್ತಿದ್ದಳು. ಅತ್ತೆಯ ನೈಟಿಯ ಗುಂಡಿಗಳು ಮಾತ್ರ ಒಂದೂ ಉಳಿದಿರುತ್ತಿರಲಿಲ್ಲ. ಎಲ್ಲವನ್ನೂ ಕಚ್ಚಿ ಒಡೆದಿರುತ್ತಿದ್ದಳು.

ಮೂರನೇ ವರ್ಷ ನಾನು ಮಾಡಿದ್ದನ್ನು ಬರೆಯಬೇಕು. ಈಗ ನಮ್ಮ ಕಡೆ ಹುಟ್ಟುಹಬ್ಬವನ್ನೂ ತಿಥಿಯನ್ನೂ ಇಂಥ ಕೇಂದ್ರಗಳಲ್ಲಿ ಮಾಡುವ ರೂಢಿ ಬಂದಿದೆ. ಒಂದು ಹೊತ್ತಿನ ಊಟ ಹಾಕಿಸುತ್ತೇವೆ, ಅವರು ಸಾಲಾಗಿ ಕೂತು ನಮಗಾಗಿ ಹಾಡುತ್ತಾರೆ, ನಾವು ಫೋಟೋ ತೆಗೆಸಿಕೊಂಡು ಬರುತ್ತೇವೆ. ನನ್ನ ಮಗಳ ಐದನೇ ಹುಟ್ಟುಹಬ್ಬವನ್ನು ನಾನು ಅಲ್ಲಿ ಮಾಡಿದೆ. ಅತ್ತೆಯನ್ನು ನೋಡಿದ ಹಾಗೂ ಆಯಿತು, ಪುಣ್ಯವೂ ಬಂತು. ಹೌದು, ಹಾಗೆಯೇ ಯೋಚಿಸಿದ್ದೆ.

ಅವಳೂ ಸಾಲಿನಲ್ಲಿ ಕೂತಿದ್ದಳು. ತನ್ನ ಮನೆಯವರ ಮಗುವಿಗೆ, ಯಾರದೋ ಮಗುವಿಗೆಂಬಂತೆ, ಹಾಡಬೇಕಾದ ಸಾಲಿನಲ್ಲಿ. ನಾನು ಮಗಳ ಕೈಗೆ ಚಮಚ ಕೊಟ್ಟು ‘ಅಜ್ಜಿಗೆ ತಿನ್ನಿಸು’ ಎಂದೆ. ಅತ್ತೆ ಬಾಯಿ ತೆರೆದಳು, ಕೇಕು ತಿಂದಳು, ಚಮಚವನ್ನು ಎಡ ದವಡೆಯಲ್ಲಿ ಕಚ್ಚಿ ಹಿಡಿದಳು. ಬಿಡಲಿಲ್ಲ. ಮಗಳು ಎಳೆದಳು, ನಾನು ಎಳೆದೆ, ಆಯಾ ಬಂದು ಮೂಗು ಹಿಡಿದಳು. ಸ್ಟೀಲಿನ ಮೇಲೆ ಹಲ್ಲಿನ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಹಾಡು ನಿಂತಿತು.

ನನ್ನ ನೆನಪಿನಲ್ಲಿ ಅತ್ತೆ ಆಗ ನಗುತ್ತಿದ್ದಳು. ಆ ಗಳಿಗೆಯ ಫೋಟೋ ಇದೆ. ಅದರಲ್ಲಿ ನಗುತ್ತಿರುವವನು ನಾನೊಬ್ಬನೇ.

ಕೊನೆಗೆ ಅವಳೇ ಚಮಚ ಉಗಿದು ಹೇಳಿದಳು. ‘ಹೋಗ್ತಾ, ಚಿಲ್ಕ ಯಾವ್ ಕಡೆ ಐತೆ ನೋಡು.’

ಹೋಗುವಾಗ ನೋಡಿದೆ. ಹೆಂಗಸರ ಕೋಣೆಯ ಬಾಗಿಲಿಗೆ ಒಳಗಡೆ ಏನೂ ಇರಲಿಲ್ಲ. ಹೊರಗಡೆ ಮೇಲೊಂದು, ಕೆಳಗೊಂದು, ಎರಡು ಚಿಲಕ. ಮೂರು ವರ್ಷದಿಂದ ತಿಂಗಳಿಗೊಮ್ಮೆ ಆ ಬಾಗಿಲು ದಾಟಿದ್ದೆ.

ಆ ಸಂಜೆಯೇ ಅವಳನ್ನು ಕರೆತಂದೆ ಎಂದು ಬರೆಯಲು ಕೈ ತುಡಿಯುತ್ತದೆ. ಇಲ್ಲ. ನೋಡಿದ ಮೇಲೂ ಒಂದು ವರ್ಷ ಸುಮ್ಮನಿದ್ದೆ. ಚಮಚ ಕಚ್ಚಿದ್ದಕ್ಕೆ ಅವಳಿಗೆ ‘ಗಲಾಟೆ ಮಾಡುತ್ತಾರೆ’ ಎಂದು ನಿದ್ದೆ ಮಾತ್ರೆ ಶುರುಮಾಡಿದ್ದರಂತೆ. ಮುಂದಿನ ಭಾನುವಾರಗಳಲ್ಲಿ ಅವಳು ತೂಕಡಿಸುತ್ತಿದ್ದಳು. ನಾವು ‘ಈಗ ಹೊಂದ್ಕೊಂಡವ್ಳೆ’ ಎಂದುಕೊಂಡೆವು.

ಅವಳನ್ನು ಹೊರಗೆ ತಂದದ್ದು ನನ್ನ ಪಶ್ಚಾತ್ತಾಪವಲ್ಲ, ಒಂದು ಪಟ್ಟಿ. ಅಂಗವಿಕಲರ ಕೆಲಸಕ್ಕೆಂದು ಪಂಚಾಯ್ತಿಗೊಬ್ಬರು ಕಾರ್ಯಕರ್ತರಿರುತ್ತಾರೆ. ನಮ್ಮಲ್ಲಿಗೆ ಹೊಸದಾಗಿ ಬಂದವರು ಒಬ್ಬ ಹೆಂಗಸು. ಅವರದೂ ಒಂದು ಕಾಲು ಪೋಲಿಯೋದಲ್ಲಿ ಹೋಗಿತ್ತು. ಊರುಗೋಲು ಊರಿಕೊಂಡು ನಮ್ಮ ಇಳಿಜಾರು ಹತ್ತಿ ಬಂದು, ಏದುಸಿರಿನಲ್ಲೇ ಪಟ್ಟಿ ಬಿಚ್ಚಿದರು.

‘ಈ ಹೆಸರಿನೋರು ಎಲ್ಲವ್ರೆ?’

‘ಕೇಂದ್ರದಲ್ಲಿದಾಳೆ ಮೇಡಂ. ಚೆನ್ನಾಗಿದಾಳೆ.’

‘ಚೆನ್ನಾಗವ್ರೆ ಅಂತ ಹೇಳಿದ್ ಯಾರು?’

‘ನಾನೇ ಹೇಳ್ತಿದೀನಲ್ಲ.’

‘ನಿಮ್ನ ಅಲ್ಲಿ ಇಟ್ಟವ್ರಾ?’

ಮುಂದಿನ ವಾರ ನನ್ನನ್ನೂ ಎಳೆದುಕೊಂಡು ಕೇಂದ್ರಕ್ಕೆ ಬಂದರು. ಮೇನೇಜರು ಫೈಲು ತೆಗೆದು, ಸೇರಿಸಿದವರ ಸೈನ್ ಇಲ್ಲದೆ ಬಿಡಲು ಬರುವುದಿಲ್ಲ ಎಂದರು. ‘ಇವ್ರೇನು ಅಡ ಇಟ್ಟ ಒಡವೆನಾ ಸಾರ್, ಚೀಟಿ ತಂದೋರ್ ಕೈಗೇ ಕೊಡೋಕೆ?’ ಎಂದರು ಆ ಹೆಂಗಸು. ಆಮೇಲೆ ಕುರ್ಚಿಯನ್ನು ಅತ್ತೆಯ ಎದುರಿಗೆ ಎಳೆದುಕೊಂಡು ಕೂತು ಕೇಳಿದರು: ‘ಅಕ್ಕ, ನಿಮ್ಗೆ ಎಲ್ಲಿರ್ಬೇಕು?’

ಅತ್ತೆಗೆ ಮಾತು ಬರಲಿಲ್ಲ. ಮಾತ್ರೆಯ ಮಂಕು. ನಾನು ಬಾಯಿ ಹಾಕಿದೆ. ‘ನೀವ್ ಸುಮ್ನಿರಿ. ನಾನ್ ಅವ್ರನ್ನ ಕೇಳ್ತಿರೋದು’ ಎಂದರು. ಕಾದರು. ಮೇನೇಜರು ಗಡಿಯಾರ ನೋಡಿದರು, ಕೆಮ್ಮಿದರು, ಎದ್ದುಹೋಗಿ ಬಂದರು. ಅವರು ಕಾಯುತ್ತಲೇ ಇದ್ದರು. ನಲವತ್ತೆಂಟು ವರ್ಷದಲ್ಲಿ ನನ್ನ ಅತ್ತೆಯ ಮಾತು ಮುಗಿಯುವ ತನಕ ಕಾದ ಮೊದಲ ಮನುಷ್ಯರು ಅವರೇ ಇರಬೇಕು.

‘ಮನೆ ಬ್ಯಾಡ. ಅಲ್ಲಿ ಓಡೋರು ಅವ್ರೆ. ಮಗ್ಗೇಲಿ ಒಂದ್ ರೂಮು. ಒಳ್ಗಡೆ ಚಿಲ್ಕ.’ ನಿಲ್ಲಿಸಿ, ಪಕ್ಕದ ಮಂಚದ ಕಡೆ ಗದ್ದ ತೋರಿಸಿದಳು. ‘ಇವ್ಳೂ ಬತ್ತಾಳೆ.’

ಇವಳು ಅಂದರೆ ಮಾತಾಡದ ಒಬ್ಬ ಹೆಂಗಸು. ಚಿಕ್ಕವಳಿದ್ದಾಗ ಎಡಕುಮೇರಿಯ ಹತ್ತಿರ ರೈಲು ಹಳಿಯ ಪಕ್ಕ ಸಿಕ್ಕಿದಳು ಎಂದು ಫೈಲಿನಲ್ಲಿತ್ತು. ನಿಜವೋ ಸುಳ್ಳೋ, ಅವಳನ್ನು ಯಾರೂ ಕೇಳಿರಲಿಲ್ಲ. ಕಿವಿ ಕೇಳುತ್ತಿತ್ತು, ಮಾತಿರಲಿಲ್ಲ. ಕೇಂದ್ರದಲ್ಲೇ ಬೆಳೆದು, ಅಲ್ಲೇ ಕೂದಲು ನೆರೆತಿತ್ತು. ಅವಳಿಗೆ ಸೈನ್ ಹಾಕಲು ನೆಂಟರೂ ಇಲ್ಲ. ಅವಳಿಗಾಗಿ ನಾವು ಕಚೇರಿಯಿಂದ ಕಚೇರಿಗೆ ಅಲೆದದ್ದು ಆರು ತಿಂಗಳು. ಹಾಸನದ ಒಬ್ಬ ಅಧಿಕಾರಿ ಅತ್ತೆಯನ್ನು ಕೇಳಿದರು, ‘ಅವಳ ಜವಾಬ್ದಾರಿ ಯಾರು ತಗೋತಾರಮ್ಮ?’

‘ನಾನು.’

‘ಮತ್ತೆ ನಿನ್ನ ಜವಾಬ್ದಾರಿ?’

‘ಅವ್ಳು.’

ಅಧಿಕಾರಿ ನಕ್ಕರು. ಊರುಗೋಲಿನ ಮೇಡಂ ನಗಲಿಲ್ಲ. ‘ಬರ್ಕೊಳಿ ಸಾರ್. ಗಂಡ ಹೆಂಡ್ತಿಗೂ ಇದೇ ಅಲ್ವಾ?’ ಎಂದರು. ಕೊನೆಗೆ ಒಂದು ಕಾಗದ ಆಯಿತು: ಇಬ್ಬರೂ ಒಟ್ಟಿಗೆ ಇರುವ ತನಕ ಹೊರಗಿರಬಹುದು. ಒಟ್ಟಿಗೆ ಇರುವ ತನಕ. ಆ ಮಾತಿನಲ್ಲಿ ಎಂಥ ಗಾಳ ಇದೆ ಎಂದು ಆಗ ನಮಗೆ ಕಾಣಲಿಲ್ಲ.

ಮಗ್ಗೆಯಲ್ಲಿ ಹಿಟ್ಟಿನ ಮಿಲ್ಲಿನ ಪಕ್ಕದ ರೂಮು ಸಿಕ್ಕಿತು. ಮೆಟ್ಟಿಲಿಲ್ಲ, ನೆಲಮಟ್ಟ. ಬಾಗಿಲಿಗೆ ಕೆಲಸ ಮಾಡಲು ಬಂದ ಆಚಾರಿ ಅತ್ತೆ ಹೇಳಿದಂತೆ ಒಳಗಡೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಚಿಲಕ ಹೊಡೆದು, ಹಲ್ಲಲ್ಲಿ ಎಳೆಯಲು ಹಗ್ಗದ ಕುಣಿಕೆ ಕಟ್ಟಿದ. ಆಮೇಲೆ ಹೊರಗಡೆಗೂ ಒಂದು ಹೊಡೆದ.

‘ಅದ್ಯಾಕ್ಲಾ?’

‘ಇಂಥೋರ್ ಇರೋ ಮನೇಗೆ ಹಾಕ್ತೀವಲ್ಲಕ್ಕ. ರೂಢಿ.’

‘ಬಿಚ್ಚು.’

ಬಿಚ್ಚಿದ. ನಾಲ್ಕು ಮೊಳೆಯ ತೂತುಗಳು ಈಗಲೂ ಆ ಬಾಗಿಲಲ್ಲಿವೆ.

ಅವರಿಬ್ಬರದು ಆದರ್ಶದ ಸಂಸಾರವಾಗಿರಲಿಲ್ಲ. ಜೊತೆಯವಳು ಅಡುಗೆಗೆ ಉಪ್ಪು ಸುರಿಯುತ್ತಿದ್ದಳು. ‘ಸಮುದ್ರ ಕುಡಿಸ್ತೀಯೇನೇ!’ ಎಂದು ಅತ್ತೆ ಕೂಗಿದರೆ ಅವಳು ಅತ್ತೆಯ ಗಾಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಡುತ್ತಿದ್ದಳು. ಒಂದು ಸಲ ಅತ್ತೆ ಹೊತ್ತು ಮುಳುಗುವ ತನಕ ಗೋಡೆ ನೋಡುತ್ತ ಕೂತಿದ್ದಳು, ಸೋಲಲಿಲ್ಲ. ಇಬ್ಬರೂ ಕೂದಲು ಬಿಟ್ಟರು. ಅತ್ತೆಯ ಕೂದಲು ಹೆಗಲಿಗೆ ಬಂದಾಗ ಜೊತೆಯವಳು ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿ, ಶಾಲೆ ಹುಡುಗಿಯಂತೆ ರಿಬ್ಬನ್ ಕಟ್ಟಿದ್ದಳು. ಐವತ್ತು ದಾಟಿದ ಹೆಂಗಸು ಆ ರಿಬ್ಬನಿನಲ್ಲೇ ರಸ್ತೆ ಬದಿಗೆ ಕೂತು, ಕಾಫಿ ಮಾರಲು ಬರುವವರ ಚೀಲಕ್ಕೆ ತಲೆ ಚಾಚುತ್ತಿದ್ದಳು. ‘ಹಲ್ಲಿನ ಮೀಟ್ರು’ ಎಂದು ಜನ ಚುಡಾಯಿಸುತ್ತಿದ್ದರು. ‘ಮೀಟ್ರು ನಿನ್ ಬಂಡ್ವಾಳನೂ ಹೇಳ್ತೈತೆ, ಕಚ್ಲಾ?’ ಎನ್ನುತ್ತಿದ್ದಳು. ಅವಳ ಮಾತು ಊರಿಗೆ ತಿಳಿಯುವುದಿಲ್ಲ ಎಂದು ನಾವು ನಲವತ್ತೆಂಟು ವರ್ಷ ಹೇಳಿಕೊಂಡು ಬಂದಿದ್ದೆವು. ಒಂದು ಕುಯ್ಲು ಮುಗಿಯುವಷ್ಟರಲ್ಲಿ ಮಗ್ಗೆಯ ಅರ್ಧ ಜನಕ್ಕೆ ತಿಳಿಯುತ್ತಿತ್ತು.

ಸರ್ಕಾರದ ಯಾವುದೋ ಕಾರ್ಯಕ್ರಮದಲ್ಲಿ ಅವಳಂಥವರಿಗೆ ಇಟ್ಟ ಹೊಸ ಹೊಸ ಹೆಸರುಗಳನ್ನು ಮೈಕಿನಲ್ಲಿ ಹೇಳಿದಾಗ ನನ್ನ ಕಿವಿಗೆ ಬಗ್ಗಿ ಅಂದಳು: ‘ಹೆಸ್ರು ಬದ್ಲಾಯಿಸ್ತಾನೇ ಇರ್ತಾರೆ ಕಣ್ಲಾ. ಬಾಗ್ಲು ಬದ್ಲಾಯಿಸಲ್ಲ.’

ಅಪ್ಪ ಮೊದಲ ಸಲ ಆ ರೂಮಿಗೆ ಬಂದದ್ದು ಎಂಟು ತಿಂಗಳ ಮೇಲೆ. ಬಾಗಿಲು ತಟ್ಟಿದರು. ಒಳಗೆ ಅತ್ತೆ ಒಬ್ಬಳೇ. ಸರಿದು ಬಂದು, ಬಗ್ಗಿ, ಕುಣಿಕೆ ಬಾಯಿಗೆ ಸಿಕ್ಕಿಸಿಕೊಳ್ಳಲು ಹೊತ್ತು ಬೇಕು. ಅಪ್ಪ ಮತ್ತೆ ತಟ್ಟಿ ‘ಎಷ್ಟೊತ್ತೇ?’ ಎಂದರು.

ಒಳಗಿನಿಂದ ನಿಧಾನವಾಗಿ ಉತ್ತರ ಬಂತು. ‘ನಿಂತ್ಕಳಣ್ಣ. ಇಲ್ಲಿ ಆನೆ ಬರಲ್ಲ.’

ಅಪ್ಪ ಬಿಸಿಲಿನಲ್ಲಿ ನಿಂತರು. ಬಾಗಿಲು ತೆಗೆದಾಗ ಒಳಗೆ ಹೋಗಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಕ್ಷಮೆ ಕೇಳಿದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾನು ರಸ್ತೆಯ ಆಚೆ ಬದಿಯಲ್ಲಿದ್ದೆ.

ಹೊರಗೆ ಅವಳಿಗೆ ಸಿಕ್ಕಿದ್ದು ಮೂರು ಕುಯ್ಲು. ಕಳೆದ ಚಳಿಗಾಲದಲ್ಲಿ ಜ್ವರ ಎದೆಗೆ ಇಳಿಯಿತು. ಸಕಲೇಶಪುರದ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಮಂಚದ ಪಕ್ಕ ನಿಂತು ‘ಇವರು ಏನು ತಿಂತಾರೆ?’ ಎಂದು ನನ್ನನ್ನು ಕೇಳಿದರು. ಉಸಿರು ಸಿಗದೆ ಒದ್ದಾಡುತ್ತಿದ್ದವಳು ಆಗಲೂ ಹೇಳಿದಳು, ‘ನನ್ ಕೇಳು ಅನ್ನು.’ ನಾಲ್ಕನೆಯ ದಿನ ಹೋದಳು. ಜೊತೆಯವಳು ಪಕ್ಕದಲ್ಲಿದ್ದಳು. ರಿಬ್ಬನ್ ಬಿಚ್ಚಿ ತನ್ನ ಸೆರಗಿಗೆ ಕಟ್ಟಿಕೊಂಡಳು.

ಮಣ್ಣಿಗೆ ಬಂದವರಲ್ಲಿ ನಾಲ್ಕು ಜನವಾದರೂ ನನಗೆ ಹೇಳಿದರು: ‘ಕೇಂದ್ರದಲ್ಲೇ ಇದ್ದಿದ್ರೆ ಇನ್ನೊಂದ್ ಹತ್ತೊರ್ಸ ಇರೋಳು ಕಣಪ್ಪ.’ ಇರುತ್ತಿದ್ದಳೇನೋ. ಒಣಗಿಸಿ ಚೀಲಕ್ಕೆ ತುಂಬಿ ಸ್ಟೋರಿನಲ್ಲಿಟ್ಟರೆ ಕಾಫಿಯೂ ಇರುತ್ತದೆ. ಇರುವುದನ್ನೇ ಬದುಕು ಎನ್ನುವವರ ಜೊತೆ ಸುಡುಗಾಡಿನಲ್ಲಿ ನಿಂತು ಏನು ವಾದ ಮಾಡುವುದು? ಆದರೂ ಮಾಡಿದೆ. ಕೂಗಾಡಿದೆ. ಅಪ್ಪ ನನ್ನ ತೋಳು ಹಿಡಿದು ಆಚೆ ಕರೆದುಕೊಂಡು ಹೋದರು.

ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಮಗ್ಗೆಯ ರೂಮಿನ ಮುಂದೆ ಕೂತಿದ್ದೆ. ಜೊತೆಯವಳು ಹೊಸ್ತಿಲಲ್ಲಿ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. ಕೇಂದ್ರದ ಬಿಳಿ ವ್ಯಾನು ಹಿಟ್ಟಿನ ಮಿಲ್ಲಿನ ಎದುರು ನಿಂತಿತು. ಮೇನೇಜರು ಇಳಿದರು, ಹಿಂದೆ ಒಬ್ಬ ಆಯಾ. ಕೈಯಲ್ಲಿ ಆ ಕಾಗದ.

‘ತುಂಬ ಬೇಜಾರಾಯ್ತು ಸಾರ್, ಒಳ್ಳೆ ಹೆಣ್ಮಗಳು’ ಎಂದರು. ಆಮೇಲೆ, ಅಷ್ಟೇ ಮೆತ್ತಗೆ: ‘ಇಬ್ಬರೂ ಒಟ್ಟಿಗಿರೋ ತನಕ ಅಂತ ಆದೇಶ ಇದೆಯಲ್ಲ. ಈಗ ಇವರೊಬ್ಬರೇ. ಮಾತೂ ಇಲ್ಲ, ಹಿಂದು ಮುಂದು ಯಾರೂ ಇಲ್ಲ. ಸೇಫಾಗಿರ್ಲಿ ಅಂತ ಬಂದ್ವಿ. ನೀವು ಇಲ್ಲೊಂದು ಸೈನ್ ಹಾಕಿದ್ರೆ ಸಾಕು.’

ಜೊತೆಯವಳು ವ್ಯಾನು ನೋಡಿದಳು, ಆಯಾಳನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನು ಹುಡುಕಿದಳು ಎಂದು ನನಗೆ ಗೊತ್ತು. ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಕೆಳಗೆ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಟಕ್.

ಆಯಾ ಬಾಗಿಲು ತಟ್ಟಿದಳು. ಒಳಗಿನಿಂದ ಮೊರದಲ್ಲಿ ಅಕ್ಕಿ ಕೇರುವ ಸದ್ದು ಮಾತ್ರ ಬರುತ್ತಿತ್ತು. ಮೇನೇಜರು ಪೆನ್ನಿನ ಮುಚ್ಚಳ ತೆಗೆದು, ಕಾಗದವನ್ನು ನನ್ನ ಕಡೆ ಚಾಚಿ, ಏಳು ವರ್ಷದ ಹಿಂದೆ ಕೇಳಿದ ಹಾಗೇ ಕೇಳಿದರು:

‘ಏನಂತಾರೆ?’

ನಾನು ಪೆನ್ನು ತೆಗೆದುಕೊಳ್ಳಲಿಲ್ಲ.

‘ನನ್ನ ಯಾಕೆ ಕೇಳ್ತೀರಿ?’ ಎಂದೆ. ‘ಅವ್ಳು ಹೇಳಿದ್ದು ನಿಮ್ಗೆ ಕೇಳಿಸ್ಲಿಲ್ವಾ?’